36 ವೋಲ್ಟ್ ಸೈಕಲ್‌ಗೆ 48 ವೋಲ್ಟ್ ಬ್ಯಾಟರಿ ಕೂರಿಸಬಹುದೇ?

ಪ್ರಶ್ನೆ, ಶಿರಸಿಯಿಂದ:

ಅಣ್ಣಾ, ನಮಸ್ಕಾರ. ನನ್ನದು ಹಿಂದಿನ ಗಾಲಿಯಲ್ಲಿ ಮೋಟಾರ್ ಇರುವ 250 ವ್ಯಾಟ್‌ನ ಸೈಕಲ್. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ಕೊಂಡು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಪೇಟೆಗೆ ಹೋಗುವಾಗ ಇಳಿಜಾರು, ತೊಂದರೆಯಿಲ್ಲ. ಸಂಜೆ ಮರಳುವಾಗ ನಮ್ಮ ತೋಟದ ಹತ್ತಿರದ ಏರಿನಲ್ಲಿ ನಿಂತೇ ಬಿಡುತ್ತದೆ. ಅಂಗಡಿಯೊಂದರಲ್ಲಿ ‘48 ವೋಲ್ಟ್ ಪ್ಯಾಕ್ ಕೂರಿಸಿ, ಬೇರೇನೂ ಬದಲಿಸುವುದು ಬೇಡ’ ಎಂದರು. ಕೂರಿಸಲೇ? ಹಳೆಯ ಚಾರ್ಜರ್ ನಡೆಯುತ್ತದೆಯೇ?

ಉತ್ತರ, ಕಾರವಾರದ ಮೆಕ್ಯಾನಿಕ್:

ತಮ್ಮಾ, ‘ಬೇರೇನೂ ಬದಲಿಸುವುದು ಬೇಡ’ ಎಂಬ ಮಾತನ್ನು ನಂಬಬೇಡ. 36 ಎನ್ನುವುದು ಹೆಸರಿಗೆ ಮಾತ್ರ. ಒಳಗೆ ಸಾಲಾಗಿ ಹತ್ತು ಸೆಲ್‌ಗಳಿರುತ್ತವೆ. ತುಂಬಿದಾಗ ಒಂದೊಂದೂ 4.2 ವೋಲ್ಟ್, ಒಟ್ಟು 42. ಸಾಮಾನ್ಯವಾಗಿ 48ರ ಪ್ಯಾಕಿನಲ್ಲಿ ಹದಿಮೂರು ಸೆಲ್‌ಗಳ ಸಾಲು, ತುಂಬಿದರೆ 54.6. ನಿನ್ನ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆ, ಮೊದಲ ದಿನದಿಂದಲೇ ಈ 54.6ನ್ನು ತಡೆದುಕೊಳ್ಳಬೇಕು.

ಅದು ತಡೆದೀತೇ ಎಂದು ತಿಳಿಯಲು ಬ್ಯಾಟರಿ ಕಳಚಿಟ್ಟು ಕಂಟ್ರೋಲರಿನ ಮುಚ್ಚಳ ತೆಗೆ. ಪುಟ್ಟ ಡಬ್ಬಿಗಳಂಥ ಕೆಪಾಸಿಟರ್‌ಗಳು ಕಾಣುತ್ತವೆ. ದೊಡ್ಡದರ ಮೈಮೇಲೆ 50 ವೋಲ್ಟ್ ಎಂದೋ 63 ವೋಲ್ಟ್ ಎಂದೋ ಮುದ್ರಿಸಿರುತ್ತಾರೆ; ಅದು ತಡೆಯಬಲ್ಲ ಗರಿಷ್ಠ ವೋಲ್ಟ್ ಅದು. 50 ಇದ್ದರೆ ಆ ಕಂಟ್ರೋಲರಿಗೆ 48ರ ಪ್ಯಾಕ್ ಜೋಡಿಸಲೇಬಾರದು. ಕಳೆದ ಮಳೆಗಾಲದಲ್ಲಿ ಹೀಗೆ ಜೋಡಿಸಿದ ಸೈಕಲ್ ಒಂದು ನನ್ನ ಬಳಿ ಬಂದಿತ್ತು. ಕೆಪಾಸಿಟರಿನ ತಲೆ ಉಬ್ಬಿ ಸೀಳಿತ್ತು, ಸುತ್ತಲೂ ಕಂದು ಅಂಟು, ಮುಚ್ಚಳ ತೆಗೆದ ಕೂಡಲೇ ಕೊಳೆತ ಮೀನಿನ ವಾಸನೆ. ಕಡಲತೀರದವನಾದ ನಾನೇ ಮುಖ ತಿರುಗಿಸಿದೆ.

63 ಇದ್ದರೂ ಇನ್ನೊಂದು ತೊಡಕಿದೆ. ಬ್ಯಾಟರಿ ಬರಿದಾದಾಗ ಕಂಟ್ರೋಲರ್ ತಾನೇ ಮೋಟಾರ್ ನಿಲ್ಲಿಸುತ್ತದೆ. 36ರದ್ದಾದರೆ ಸುಮಾರು 31 ವೋಲ್ಟ್‌ಗೆ. 48ರ ಪ್ಯಾಕ್ 39ಕ್ಕೆ ಇಳಿದಾಗಲೇ ಬರಿದು. ಆ ಹೊತ್ತಿಗೂ ನಿನ್ನ ಕಂಟ್ರೋಲರಿಗೆ ಅದರಲ್ಲಿ ಇನ್ನೂ ಸಾಕಷ್ಟು ಚಾರ್ಜ್ ಇರುವ ಹಾಗೆಯೇ ಕಾಣುತ್ತದೆ. ಆಗ ಸೆಲ್‌ಗಳನ್ನು ಕಾಯಲು ಪ್ಯಾಕಿನೊಳಗಿನ ಬಿಎಂಎಸ್ (ಅಪಾಯವಾದಾಗ ಕರೆಂಟ್ ಕಡಿಯುವ ರಕ್ಷಣಾ ಸರ್ಕ್ಯೂಟ್) ಒಂದೇ ಉಳಿಯುತ್ತದೆ.

ಹಳೆಯ ಚಾರ್ಜರ್ 42 ವೋಲ್ಟಿನದು, ಹೊಸ ಪ್ಯಾಕನ್ನು ತುಂಬಿಸಲಾರದು. ನನಗೆ ನಿಜವಾದ ಭಯವಿರುವುದು ಇದರ ಉಲ್ಟಾ ಕೆಲಸದ ಬಗ್ಗೆ: 54.6ರ ಚಾರ್ಜರನ್ನು ಮನೆಯಲ್ಲಿ ಯಾರಾದರೂ ಹಳೆಯ ಪ್ಯಾಕಿಗೆ ಚುಚ್ಚಿ ಮಲಗಿದರೆ, ಬಿಎಂಎಸ್ ಕೈಕೊಟ್ಟ ದಿನ ಬೆಂಕಿಯೇ ಗತಿ. ಒಂದೇ ಅಳತೆಯ ಪಿನ್ನಿನ ಎರಡು ಬಗೆಯ ಚಾರ್ಜರ್‌ಗಳು ಒಂದೇ ಮನೆಯಲ್ಲಿ ಇರಬಾರದು.

ಇನ್ನು ಏರಿನ ವಿಷಯ. ವೋಲ್ಟ್ ಹೆಚ್ಚಿಸಿದರೆ ಮುಖ್ಯವಾಗಿ ಹೆಚ್ಚುವುದು ವೇಗ: ಸಮತಟ್ಟಿನಲ್ಲಿ 25 ಹೋಗುವುದು 33ರ ಹತ್ತಿರ ಹೋದೀತು. ಏರಿನಲ್ಲೂ ಬಲ ಸ್ವಲ್ಪ ಹೆಚ್ಚುತ್ತದೆ, ಸುಳ್ಳಲ್ಲ. 15 ಆಂಪಿಯರ್ ಕಂಟ್ರೋಲರ್ 36ರಲ್ಲಿ 540 ವ್ಯಾಟ್ ಎಳೆದರೆ 48ರಲ್ಲಿ 720 ಎಳೆಯುತ್ತದೆ. ಆದರೆ ನಿಧಾನವಾಗಿ ತಿರುಗುವ ಮೋಟಾರಿನಲ್ಲಿ ಅದರ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಕಾನೂನನ್ನೂ ನೋಡು. 250 ವ್ಯಾಟ್‌ಗಿಂತ ಕಡಿಮೆ, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು 60 ಕಿಲೋದೊಳಗೆ ಇದ್ದರೆ ಮಾತ್ರ ನೋಂದಣಿಯಿಂದ ವಿನಾಯಿತಿ. ವೇಗ ಮೀರಿದರೆ ಅದು ಸೈಕಲ್ ಅಲ್ಲ, ಮೋಟಾರು ವಾಹನ.

ಮೊದಲು ಇಷ್ಟು ಮಾಡು. ಪೂರ್ತಿ ಚಾರ್ಜ್ ಮಾಡಿ ಏರು ಹತ್ತು. ಡಿಸ್‌ಪ್ಲೇಯಲ್ಲಿ ವೋಲ್ಟ್ ಎಷ್ಟಕ್ಕೆ ಕುಸಿಯುತ್ತದೆ ನೋಡಿ ಹೇಳು. ಬ್ಯಾಟರಿಯ ಪ್ಲಗ್ಗನ್ನೂ ಮುಟ್ಟಿ ನೋಡು.

ಪ್ರಶ್ನೆ, ಶಿರಸಿಯಿಂದ, ಮರುದಿನ:

ಅಣ್ಣಾ, ಕೆಪಾಸಿಟರ್ ಮೇಲೆ 63 ಎಂದಿದೆ. ಮನೆಯಲ್ಲಿ 41 ತೋರಿಸಿದ್ದು ಏರಿನಲ್ಲಿ 33ಕ್ಕೆ ಇಳಿಯಿತು. ಪ್ಲಗ್ ಕೈ ಇಡಲಾರದಷ್ಟು ಬಿಸಿ. ಹಳದಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದಾಗಿದೆ. ಒಳಗೆ ಹಸಿರು ಪುಡಿ. ಪ್ಲಗ್ಗಿನ ಈಚೆ-ಆಚೆ ಮೀಟರ್ ಹಿಡಿದು ತಮ್ಮನನ್ನು ಏರು ಹತ್ತಿಸಿದೆ: ಒಂದೂವರೆ ವೋಲ್ಟ್ ತೋರಿಸಿತು.

ಉತ್ತರ:

ಭೇಷ್! ಅಳತೆ ಅಚ್ಚುಕಟ್ಟಾಗಿದೆ. ಆ ಹಸಿರು ಪುಡಿ ಕಿಲುಬು. ನಮ್ಮಲ್ಲಿ ಉಪ್ಪುಗಾಳಿ, ನಿಮ್ಮಲ್ಲಿ ಬಿಡದ ಮಳೆ. ಎರಡೂ ತಾಮ್ರವನ್ನು ತಿನ್ನುತ್ತವೆ. ಒಂದೂವರೆ ವೋಲ್ಟನ್ನು 15 ಆಂಪಿಯರ್‌ನಿಂದ ಗುಣಿಸಿದರೆ 22.5 ವ್ಯಾಟ್ ಆಯಿತು. ನಾನು ಬೆಸುಗೆ ಹಾಕುವ ಸಣ್ಣ ಕಬ್ಬಿಣ 25 ವ್ಯಾಟಿನದು. ಅಷ್ಟು ಶಾಖ ನಿನ್ನ ಸೀಟಿನ ಕೆಳಗಿದೆ. ಇವತ್ತಿನಿಂದಲೇ ಓಡಿಸುವುದನ್ನು ನಿಲ್ಲಿಸು. ಎರಡೂ ಬದಿಯ ಪ್ಲಗ್ ಬದಲಿಸಿ, ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಬೆಸುಗೆ ಹಾಕಿಸು.

ಉಳಿದ ಆರೂವರೆ ವೋಲ್ಟ್ ಕುಸಿಯುತ್ತಿರುವುದು ಪ್ಯಾಕಿನೊಳಗೆ. ಒಳ್ಳೆಯ ಪ್ಯಾಕ್ ಇಂಥ ಹೊರೆಗೆ ಎರಡು ಮೂರು ವೋಲ್ಟ್ ಇಳಿದೀತು, ಅಷ್ಟೇ. ಸೆಲ್‌ಗಳು ಸೊರಗಿವೆ. ನನ್ನ ಮಾತು ಕೇಳುವುದಾದರೆ 36 ವೋಲ್ಟಿನದೇ, 15 ಆಂಪಿಯರ್-ಅವರ್ ಪ್ಯಾಕ್ ತೆಗೆದುಕೋ. 360 ವ್ಯಾಟ್-ಅವರ್ ಇದ್ದದ್ದು 540 ಆಗುತ್ತದೆ. ಕಂಟ್ರೋಲರ್, ಚಾರ್ಜರ್ ಎರಡೂ ಹಳೆಯವೇ ಸಾಕು. ತುಂಬಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ.

ಪ್ರಶ್ನೆ, ಸದಾಶಿವಗಡದ ಸದಸ್ಯೆ:

ಹೊಸ ಪ್ಯಾಕಿನ ಬದಲು 36ರ ಜೊತೆಗೆ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯೊಂದನ್ನು ಸಾಲಾಗಿ ಸೇರಿಸಿದರೆ 48 ಆಗುವುದಿಲ್ಲವೇ?

ಉತ್ತರ:

ಬೇಡ ಅಕ್ಕಾ, ದಯವಿಟ್ಟು ಬೇಡ. ಲೆಕ್ಕಕ್ಕೆ 48 ಆಗುತ್ತದೆ. ಆದರೆ ಲಿಥಿಯಂ ಪ್ಯಾಕಿನ ಬಿಎಂಎಸ್ ಕರೆಂಟ್ ಕಡಿಯುವ ಕ್ಷಣದಲ್ಲಿ ಒಟ್ಟು ವೋಲ್ಟೇಜ್ ಅದರ ಸ್ವಿಚ್ಚಿನ ಮೇಲೆ ಬೀಳುತ್ತದೆ. ಅದನ್ನು ಮಾಡಿರುವುದು 36ರ ಪ್ಯಾಕಿಗೆ. ಸ್ವಿಚ್ ಸುಟ್ಟು ಒಳಗೇ ಅಂಟಿಕೊಂಡರೆ ಆಮೇಲೆ ಕಡಿಯುವವರೇ ಇಲ್ಲ, ಹೊರಗಿನಿಂದ ನಿಮಗೆ ಗೊತ್ತಾಗುವುದೂ ಇಲ್ಲ. ಸೇರಿಸಿ ಆಗಿದ್ದರೆ ಇವತ್ತೇ ಬೇರ್ಪಡಿಸಿ, ಪ್ಯಾಕನ್ನು ಮನೆಯೊಳಗೆ ಚಾರ್ಜ್ ಮಾಡದೆ ನನ್ನಲ್ಲಿಗೆ ತನ್ನಿ. ಬಿಎಂಎಸ್ ಇನ್ನೂ ಕಡಿಯುತ್ತದೆಯೇ ಎಂದು ನೋಡಿಕೊಡುತ್ತೇನೆ.