ಗಂಡ-ಹೆಂಡತಿ ಇಬ್ಬರೂ ಬ್ಯಾಂಜೋ ನುಡಿಸಿದರೂ ಯಾಕೆ ಗದ್ದಲ ಆಗಲ್ಲ?

ರಾಗಹುಚ್ಚ:
ಜಾಕಿರ್ ಹುಸೇನ್, ರಾಕೇಶ್ ಚೌರಾಸಿಯಾ ಜೊತೆ ಬ್ಯಾಂಜೋ (ಅಮೆರಿಕದ ಐದು ತಂತಿಯ ವಾದ್ಯ) ವಾದಕ ಬೇಲಾ ಫ್ಲೆಕ್ ನುಡಿಸಿದ್ದನ್ನು ಕೇಳಿ ಅವರ ಬೇರೆ ಆಲ್ಬಮ್‌ಗಳನ್ನು ಹುಡುಕುತ್ತಿದ್ದೆ. ಹೆಂಡತಿ ಅಬಿಗೇಲ್ ವಾಶ್‌ಬರ್ನ್ ಜೊತೆ ಮಾಡಿದ 2014ರ ಆಲ್ಬಮ್ ಸಿಕ್ಕಿತು. ಡ್ರಮ್ ಇಲ್ಲ, ಗಿಟಾರ್ ಇಲ್ಲ, ಬರೀ ಬ್ಯಾಂಜೋ ಮತ್ತು ಹಾಡು. ಇಬ್ಬರದೂ ಒಂದೇ ವಾದ್ಯ ಆದರೆ ಕಲಸುಮೇಲೋಗರ ಆಗಬೇಕಿತ್ತು ಅಲ್ವಾ? ಹೇಗೆ ಹೊಂದುತ್ತದೆ? ಇಂಥ ದಂಪತಿಗಳು ಇನ್ನೂ ಇದ್ದರೆ ತಿಳಿಸಿ.

ಐದನೇತಂತಿ:
ಇಬ್ಬರ ಕೈಯೇ ಬೇರೆ ಸ್ವಾಮಿ. ಫ್ಲೆಕ್ ಅವರದು ಹಳೆಯ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಕಡೆಯಿಂದ ಬಂದ ಮೂರು ಬೆರಳಿನ ಬ್ಲೂಗ್ರಾಸ್ (ಅಮೆರಿಕದ ವೇಗದ ಹಳ್ಳಿ ಸಂಗೀತ) ಶೈಲಿ, ಹೆಬ್ಬೆರಳು ಮತ್ತೆರಡು ಬೆರಳಿಗೆ ಪಿಕ್ (ಮೀಟುಗ) ಹಾಕಿಕೊಂಡು ಮೀಟುವುದು, ಸ್ವರಗಳು ಬಿಡುವಿಲ್ಲದೆ ಉದುರುತ್ತವೆ. ಅಬಿಗೇಲ್ ಅವರದು ಕ್ಲಾಹ್ಯಾಮರ್ ಎಂಬ ಹಳೆಯ ಶೈಲಿ. ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುತ್ತಾ, ನಡುವೆ ಗಿಡ್ಡ ಐದನೇ ತಂತಿಯನ್ನು ಹೆಬ್ಬೆರಳಲ್ಲಿ ಮೀಟುತ್ತಾರೆ. ತಾಳ ಆ ಹೊಡೆತದಲ್ಲೇ ಇದೆ. ಕೆಳಗಿನ ಸ್ವರಗಳಿಗೆ ದೊಡ್ಡ ಚೆಲ್ಲೋ ಬ್ಯಾಂಜೋ ಕೂಡ ಇಟ್ಟುಕೊಂಡಿದ್ದಾರೆ. ಆ ಆಲ್ಬಮ್‌ಗೆ 2016ರಲ್ಲಿ ಜಾನಪದ ವಿಭಾಗದ ಗ್ರಾಮಿ ಬಂತು. 2017ರ ಎರಡನೆಯದಕ್ಕೂ ಅದೇ ಕಟ್ಟುಪಾಡು: ಸದ್ದೆಲ್ಲ ಇಬ್ಬರದೇ ಇರಬೇಕು, ವಾದ್ಯ ಬ್ಯಾಂಜೋ ಮಾತ್ರ, ರೆಕಾರ್ಡ್ ಮಾಡಿದ್ದನ್ನೆಲ್ಲ ವೇದಿಕೆಯಲ್ಲಿ ಇಬ್ಬರೇ ನುಡಿಸಲು ಆಗಬೇಕು.

ಸುಮ್ನೆ_ಕೇಳುಗ:
ಬಡ್ಡಿ ಮಿಲ್ಲರ್, ಜೂಲಿ ಮಿಲ್ಲರ್ ದಂಪತಿಯನ್ನು ಕೇಳಿ. ಅಮೆರಿಕದ ನ್ಯಾಶ್‌ವಿಲ್‌ನವರು. 2009ರ ಆಲ್ಬಮ್ ಆದಮೇಲೆ ಇಬ್ಬರೂ ಸೇರಿ ಇನ್ನೊಂದು ತರಲು 2019 ಆಯಿತು, ಅದನ್ನೂ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಜೂಲಿ ಅವರ ದನಿ ಕೆಲವರಿಗೆ ಹಿಡಿಸಲ್ಲ, ನನಗಂತೂ ತುಂಬಾ ಇಷ್ಟ.

ಹಳೇಪ್ಲೇಟು:
ಸಂಸಾರ ಚೆನ್ನಾಗಿದ್ದರೆ ಹಾಡೂ ಚೆನ್ನಾಗಿರುತ್ತೆ ಅಂತ ಜಾಸ್ತಿ ಗಂಟು ಹಾಕಬೇಡಿ. ಅಮೆರಿಕದ ವರ್ಜೀನಿಯಾದ ಹಾಡುಗಾರ ದಂಪತಿ ಎ. ಪಿ. ಕಾರ್ಟರ್ ಮತ್ತು ಸಾರಾ ಕಾರ್ಟರ್ ಅವರನ್ನೇ ನೋಡಿ. 1927ರಲ್ಲಿ ಸಾರಾ ಅವರ ಕಸಿನ್ ಮೇಬೆಲ್ ಅವರನ್ನೂ ಕರೆದುಕೊಂಡು ಬ್ರಿಸ್ಟಲ್‌ಗೆ ಹೋಗಿ ಮೊದಲ ರೆಕಾರ್ಡ್ ಕೊಟ್ಟರು. ಮೇಬೆಲ್ ಅಂದರೆ ಗಾಯಕಿ ಜೂನ್ ಕಾರ್ಟರ್ ತಾಯಿ, ಅಂದರೆ ಜೂನ್ ಗಂಡ, ಪ್ರಸಿದ್ಧ ಗಾಯಕ ಜಾನಿ ಕ್ಯಾಶ್ ಅವರ ಅತ್ತೆ. ಎ. ಪಿ. ಹಳೇ ಹಾಡು ಹುಡುಕಿಕೊಂಡು ಊರೂರು ಅಲೆಯೋರು, ಮನೆ-ಮಕ್ಕಳು ಸಾರಾ ತಲೆ ಮೇಲೆ. ಹಾಡುವಾಗಲೂ ಆ ಮನುಷ್ಯ ಮನಸ್ಸು ಬಂದಾಗ ದನಿ ಸೇರಿಸೋದು, ಇಲ್ಲದಿದ್ದರೆ ಸುಮ್ಮನಿರೋದು! 1936ರಲ್ಲಿ ವಿಚ್ಛೇದನ ಆಯಿತು. ಆಮೇಲೂ ಜೊತೆಗೇ ರೆಕಾರ್ಡ್ ಮಾಡಿದರು, ಟೆಕ್ಸಾಸ್ ಗಡಿಯ ರೇಡಿಯೋದಲ್ಲಿ ಹಾಡಿದರು. ಸಾರಾ ಬೇರೆ ಮದುವೆಯಾದ ಮೇಲೂ ತಂಡ ನಡೆಯಿತು.

ರಾಗಹುಚ್ಚ:
ಅಬ್ಬಾ, ಇದು ಗೊತ್ತೇ ಇರಲಿಲ್ಲ. 1936ಕ್ಕೆ ಮುಂಚಿನದು, ಆಮೇಲಿನದು ಎರಡನ್ನೂ ಕೇಳುತ್ತೇನೆ, ವ್ಯತ್ಯಾಸ ಗೊತ್ತಾಗುತ್ತಾ?

ಹಳೇಪ್ಲೇಟು:
ನನಗೆ ಗೊತ್ತಾಗಿಲ್ಲ. ನಿಮಗೆ ಗೊತ್ತಾದರೆ ಇಲ್ಲೇ ಬರೆಯಿರಿ.