ಕಪ್ಪು ಇಲಿಗೆ ಕಂದು ಮರಿ: ಅನುಭವ ಇದ್ದವರು ತಿಳಿಸಿ

ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ:
ನಮ್ಮ ಪ್ರಾಣಿಗೃಹದಲ್ಲಿ ಸಿ57ಬಿಎಲ್/6 ಕಪ್ಪು ಇಲಿಗಳೂ ಬಾಲ್ಬ್‌ಸಿ ಬಿಳಿ ಇಲಿಗಳೂ ಇವೆ. ಗಿಡಮೂಲಿಕೆಯ ಸಾರ ಕುಡಿಸಿದ್ದ ಕಪ್ಪು ಹೆಣ್ಣೊಂದು ಮರಿ ಹಾಕಿದೆ. ಎಲ್ಲವೂ ಹೊಲದ ಇಲಿಯ ಹಾಗೆ ಕಂದು. ಒಂದು ಗಂಡಿನ ಬೆನ್ನಿನಲ್ಲಿ ಬಿಳಿ ಕೂದಲು ಬಂದಿದೆ. ಇನ್ನೊಂದು ಹೆಣ್ಣಿನ ಬಲಗಣ್ಣು ತೀರಾ ಚಿಕ್ಕದು. ಸಾರದಿಂದ ಉತ್ಪರಿವರ್ತನೆ (ವಂಶವಾಹಿಯಲ್ಲೇ ಬದಲಾವಣೆ) ಆಗಿದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ? ನಮ್ಮೂರಿನ ಬೇಸಿಗೆಯೂ ಕಾರಣವಿರಬಹುದೇ?

ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಚಿತ್ರದುರ್ಗ:
ಬರೆಯಬೇಡಮ್ಮ. ಮೊದಲು ಆ ಮರಿಗಳ ತಂದೆ ಯಾರೆಂದು ಪತ್ತೆ ಮಾಡು. ಸಿ57 ಕಪ್ಪಾಗಿರುವುದು ಅದರ ಅಗೂಟಿ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವುದರಿಂದ. ಅದು ಸರಿಯಿದ್ದರೆ ಪ್ರತಿ ಕೂದಲಿನ ತುದಿಯ ಬಳಿ ಹಳದಿ ಪಟ್ಟೆ ಮೂಡಿ ಹೊಲದ ಇಲಿಯ ಬಣ್ಣ ಬರುತ್ತದೆ. ಸರಿಯಿರುವ ಪ್ರತಿ ಪ್ರಬಲ, ಒಂದೇ ಸಾಕು. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ಕಪ್ಪಾಗಿದ್ದರೆ ಕಂದು ಮರಿಗಳು ಬರುವಂತಿಲ್ಲ. ಸಾರದ ಪ್ರಭಾವವೇ ಆಗಿದ್ದರೆ ಒಂದೋ ಎರಡೋ ಮರಿ ಬೇರೆಯಾಗಬಹುದಿತ್ತು. ಎಲ್ಲ ಮರಿಗಳಲ್ಲೂ ಅದೇ ವಂಶವಾಹಿ ದುರಸ್ತಿಯಾಯಿತು ಎಂದರೆ ಯಾವ ಪರೀಕ್ಷಕರು ಒಪ್ಪುತ್ತಾರೆ?

ನನ್ನ ಅನುಮಾನ ಬಿಳಿ ಗಂಡಿನ ಮೇಲೆ. ಬಾಲ್ಬ್‌ಸಿಯ ಅಗೂಟಿ ಸರಿಯಾಗಿಯೇ ಇದೆ. ಆದರೆ ಅದರ ಟೈರೋಸಿನೇಸ್ ಕಿಣ್ವ ಕೆಲಸ ಮಾಡುವುದಿಲ್ಲ, ಮೆಲನಿನ್ ಎಂಬ ವರ್ಣಕ ತಯಾರಾಗುವುದಿಲ್ಲ. ಬಣ್ಣವೇ ಇಲ್ಲದ ಮೇಲೆ ಪಟ್ಟೆ ಎಲ್ಲಿ ಕಾಣಬೇಕು? ಕಪ್ಪು ತಾಯಿ ಟೈರೋಸಿನೇಸ್ ಕೊಟ್ಟಿತು, ಬಿಳಿ ತಂದೆ ಅಗೂಟಿ ಕೊಟ್ಟಿತು, ಮರಿ ಕಂದಾಯಿತು. ಇಲಿಯ ಗರ್ಭ ಸುಮಾರು ಮೂರು ವಾರ. ಅಷ್ಟು ಹಿಂದಿನ ಪಂಜರದ ಚೀಟಿಗಳನ್ನು ತೆಗೆದು ನೋಡು.

ಪ್ರಾಣಿಪ್ರಯೋಗಗಳ ನೈತಿಕ ಸಮಿತಿಯ ಅನುಮತಿ ಸಿಕ್ಕರೆ ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಬಹುದು. ಬಾಲ್ಬ್‌ಸಿಯಲ್ಲಿ ಚಾಕೊಲೇಟ್ ಬಣ್ಣದ ದುರ್ಬಲ ವಂಶವಾಹಿಯೂ ಅಡಗಿದೆ. ಅಗೂಟಿ 2ನೇ, ಚಾಕೊಲೇಟ್ 4ನೇ, ಟೈರೋಸಿನೇಸ್ 7ನೇ ವರ್ಣತಂತುವಿನಲ್ಲಿರುವುದರಿಂದ ಮೂರೂ ಸ್ವತಂತ್ರವಾಗಿ ಹಂಚಿಕೆಯಾಗುತ್ತವೆ. 64 ಮರಿಗಳಿಗೆ 27 ಹೊಲದಿಲಿಯ ಕಂದು, 9 ದಾಲ್ಚಿನ್ನಿ ಬಣ್ಣ, 9 ಕಪ್ಪು, 3 ಚಾಕೊಲೇಟ್, 16 ಬಿಳಿ ಎಂಬುದು ನಿರೀಕ್ಷೆ. ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ; ಗಿಡಮೂಲಿಕೆಯ ಪ್ರಬಂಧಕ್ಕೆ ಮಾತ್ರ ಉಪಯೋಗವಿಲ್ಲ.

ಪಶುವೈದ್ಯೆ, ದಾವಣಗೆರೆ:
ಬೆನ್ನಿನ ಬಿಳಿ ಕೂದಲಿಗೆ ಗಂಡುಗಳ ಜಗಳವೇ ಕಾರಣವಿರಬಹುದು. ಕಚ್ಚಿದ ಗಾಯ ಮಾಯುವಾಗ ಬುಡದ ವರ್ಣಕೋಶಗಳು ನಾಶವಾಗಿದ್ದರೆ ಅಲ್ಲಿ ಬಿಳಿ ಕೂದಲೇ ಬೆಳೆಯುತ್ತದೆ. ಚಿಕ್ಕ ಕಣ್ಣು ಸಿ57 ತಳಿಯ ಹಳೆಯ ದೋಷ. ಹೆಣ್ಣುಗಳಲ್ಲಿ, ಅದರಲ್ಲೂ ಬಲಗಣ್ಣಿನಲ್ಲಿ ಹೆಚ್ಚು. ಸಾರ ಕೊಡದ ಗುಂಪಿನ ಕಣ್ಣುಗಳನ್ನೂ ನೋಡಿ ದಾಖಲಿಸಿ. ಇನ್ನೊಂದು ಮಾತು: ಕಪ್ಪು ಇಲಿಯ ಕೂದಲು ಬೋಳಿಸಿದಾಗ ಚರ್ಮ ಒಮ್ಮೆ ಗುಲಾಬಿ, ಒಮ್ಮೆ ಬೂದುಗಪ್ಪಾಗಿ ಕಾಣುತ್ತದೆ. ಕೂದಲು ಬೆಳೆಯುವ ಹಂತದಲ್ಲಿ ಕಪ್ಪು, ವಿಶ್ರಾಂತಿಯಲ್ಲಿ ಗುಲಾಬಿ. ಅದನ್ನೂ ಔಷಧದ ಪರಿಣಾಮ ಎಂದು ಬರೆದುಬಿಡಬೇಡಿ.

ಜೈವಿಕ ತಂತ್ರಜ್ಞಾನ ಉಪನ್ಯಾಸಕ, ಚಳ್ಳಕೆರೆ:
ಬೇಸಿಗೆಯ ವಿಷಯ: ಹಿಮಾಲಯನ್ ಎಂಬ ರೂಪದಲ್ಲಿ ಮಾತ್ರ ಟೈರೋಸಿನೇಸ್ ಶಾಖಕ್ಕೆ ಸೋಲುತ್ತದೆ. ಅದಕ್ಕೇ ಅಂಥ ಇಲಿಗಳಿಗೆ ತಂಪಾದ ಮೂಗು, ಕಿವಿ, ಬಾಲಗಳಲ್ಲಷ್ಟೇ ಗಾಢ ಬಣ್ಣ. ನಿಮ್ಮ ಸಿ57ಕ್ಕೆ ಅದು ಅನ್ವಯಿಸುವುದಿಲ್ಲ. ಮುಂದಿನ ಮರಿಗಳ ಕಣ್ಣನ್ನು ಹುಟ್ಟಿದ ದಿನವೇ ನೋಡಿ: ವರ್ಣಕ ಇದ್ದರೆ ಮುಚ್ಚಿದ ರೆಪ್ಪೆಯೊಳಗೇ ಕಪ್ಪಾಗಿ ಕಾಣುತ್ತದೆ, ಬಿಳಿ ಮರಿಗಳಲ್ಲಿ ಕಾಣುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ:
ಚೀಟಿಗಳನ್ನು ನಾಳೆಯೇ ತೆಗೆಸುತ್ತೇನೆ ಸರ್. ತಾಯಿಯನ್ನು ಪ್ರಯೋಗದಲ್ಲಿ ಉಳಿಸಿಕೊಳ್ಳಬಹುದೇ?

ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ:
ಬಸಿರಾಗಿದ್ದ ಇಲಿಯ ತೂಕ, ರಕ್ತದ ಅಂಕಿಗಳು ಉಳಿದವುಗಳ ಜೊತೆ ಹೊಂದುವುದಿಲ್ಲ. ಕಾರಣ ಬರೆದು ಕೈಬಿಡು. ಕಂದು ಮರಿಗಳನ್ನು ಕಪ್ಪು ಇಲಿಗಳ ಸಂತಾನಕ್ಕೆ ಸೇರಿಸಬೇಡ, ಸಮಿತಿಗೆ ಲಿಖಿತವಾಗಿ ತಿಳಿಸು.