ಕಿಟಕಿ ಹಿಡಿಕೆ ಸುಮ್ಮನೆ ಸುತ್ತುತ್ತೆ, ಲಾಕ್ ಬಿಡಲ್ಲ: ಹಿಡಿಕೆ ತಂದರೆ ಸಾಕಾ, ಒಳಗಿನ ಗೇರೇ ಹೋಗಿದೆಯಾ?

ಮಂಡಕ್ಕಿ_ಮಿರ್ಚಿ (ದಾವಣಗೆರೆ)

ಮನೆ ನಿಟ್ಟುವಳ್ಳಿ ಕಡೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ, ಹೊರಕ್ಕೆ ತೆರೆಯುವ ಎರಡು ಬಾಗಿಲು, ನಡುವೆ ಕಂಬ, ಎರಡಕ್ಕೂ ಬೇರೆ ಬೇರೆ ಹಿಡಿಕೆ. ಒಂದೊಂದು ಬಾಗಿಲು ಸುಮಾರು ಎರಡಡಿ ಅಗಲ, ನಾಲ್ಕಡಿ ಎತ್ತರ, 5 ಮಿ.ಮೀ. ಗಾಜು. ಕಬ್ಬಿಣದ ಗ್ರಿಲ್ ಒಳಗಡೆ ಇದೆ, ಕೈ ತೂರಿಸಿ ತಿರುಗಿಸಬೇಕು. ನೆಲಮಹಡಿ.

ಎಡಗಡೆ ಹಿಡಿಕೆ ಯಾವ ಕಡೆಗೆ ಬೇಕಾದರೂ ಸುತ್ತುತ್ತೆ, ಟಕ್ ಅನ್ನಲ್ಲ, ಕಿಟಕಿ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಬಲಗಡೆಯದು ಕೆಲಸ ಮಾಡುತ್ತೆ, ಆದರೆ ಮುಚ್ಚುವಾಗ ಎರಡೂ ಕೈಯ ಬಲ ಬೇಕು. ಅದರ ಕುತ್ತಿಗೆ ಸ್ವಲ್ಪ ಬಾಗಿದ ಹಾಗಿದೆ.

ಅಂಗಡಿಯಲ್ಲಿ ಫೋಟೊ ತೋರಿಸಿದರೆ "ಪಿನ್ ಉದ್ದ ಎಷ್ಟು, ಸ್ಕ್ರೂ ಸೆಂಟರ್ ಎಷ್ಟು" ಅಂತಾರೆ. ಫಿಟ್ಟಿಂಗ್‌ನವರು ನೋಡಿ ಇಡೀ ಶಟರ್ (ಕಿಟಕಿಯ ಬಾಗಿಲು) ಬದಲಿಸಬೇಕು ಅಂದರು. ನಿಜವಾ?

ತಿರುಪುಳಿ (ದಾವಣಗೆರೆ)

ಶಟರ್ ಮಾತು ಈಗಲೇ ಬೇಡ್ರಿ. ಹಿಡಿಕೆ ಬಿಚ್ಚಿ ನೋಡಿದ ಮೇಲೆ ಅಂಗಡಿ. ಅಲ್ಲಿವರೆಗೆ ಏನೂ ತರಬೇಡಿ.

ಹಿಡಿಕೆಯ ಬುಡದಲ್ಲಿ ಉದ್ದನೆ ಪಟ್ಟಿ ಇದೆಯಲ್ಲ, ಅದು ಬರೀ ಮುಚ್ಚಳ. ಹಿಡಿಕೆಯನ್ನು ಅಡ್ಡಕ್ಕೆ ತಂದು, ಮುಚ್ಚಳದ ತುದಿಯನ್ನು ಉಗುರಲ್ಲಿ ಒಂದೆರಡು ಮಿ.ಮೀ. ಎಬ್ಬಿಸಿ ಪಕ್ಕಕ್ಕೆ ತಿರುಗಿಸಿದರೆ ಮೇಲೊಂದು ಕೆಳಗೊಂದು ಸ್ಕ್ರೂ ಕಾಣುತ್ತೆ. ಇದು ಗೊತ್ತಿಲ್ಲದೆ ಸ್ಕ್ರೂಡ್ರೈವರ್ ಹಾಕಿ ಮೀಟಿದವರು ಮುಚ್ಚಳವನ್ನೂ ಮುರೀತಾರೆ, ಪ್ರೊಫೈಲಿಗೂ (ಬಾಗಿಲಿನ ಪ್ಲಾಸ್ಟಿಕ್ ಪಟ್ಟಿಗೂ) ಗೀರು ಬೀಳಿಸ್ತಾರೆ. ಎರಡೂ ಸಾಮಾನ್ಯವಾಗಿ ಎಂ5 ಸ್ಕ್ರೂ. ಬರೀ ಅಲ್ಲಾಡೋ ಹಿಡಿಕೆಯಾದರೆ ಇವನ್ನು ಬಿಗಿ ಮಾಡಿದರೆ ಮುಗೀತು. ನಿಮ್ಮ ಎಡಗಡೆಯದನ್ನು ಬಿಚ್ಚಲೇಬೇಕು. ಕೆಳಚೌಕಟ್ಟಿನ ಮೇಲೆ ಹಳೇ ಟವೆಲ್ ಹಾಸಿಕೊಳ್ಳಿ. ಗ್ರಿಲ್ಲಿನ ಆಚೆ ಮೂಲೆಗೆ ಉರುಳಿದ ಸ್ಕ್ರೂ ಬೆರಳಿಗೆ ಸಿಗಲ್ಲ.

ಹಿಡಿಕೆ ಎಳೆದರೆ ಜೊತೆಗೆ ಚೌಕ ಪಿನ್ ಬರುತ್ತೆ. ಬರದಿದ್ದರೆ ತುಂಡಾಗಿ ಒಳಗೇ ಉಳಿದಿದೆ ಅಂತ, ಮೂತಿ ಇಕ್ಕಳದಲ್ಲಿ ಎಳೀರಿ. ಬಂದಿದ್ದರೆ ಅದರ ನಾಲ್ಕು ಮೂಲೆ ನೋಡಿ, ಉಜ್ಜಿ ದುಂಡಗಾಗಿರಬಹುದು. ಪಿನ್ ಚೆನ್ನಾಗಿದ್ದರೆ ಅದನ್ನು ಇಕ್ಕಳದಲ್ಲಿ ಹಿಡಿದು ಹಿಡಿಕೆ ತಿರುಗಿಸಿ. ಪಿನ್ ನಿಂತು ಹಿಡಿಕೆ ಮಾತ್ರ ತಿರುಗಿದರೆ ಹಿಡಿಕೆಯೊಳಗೆ ಪಿನ್ ಕೂರುವ ಗೂಡು ಸವೆದಿದೆ. ಹಿಡಿಕೆ ಎರಕದ್ದು, ಸತುವಿನ ಮಿಶ್ರಲೋಹ ಇಲ್ಲವೇ ಅಲ್ಯೂಮಿನಿಯಂ. ಅದಕ್ಕಿಂತ ಗಟ್ಟಿಯಾದ ಉಕ್ಕಿನ ಪಿನ್ ಇದ್ದಾಗ ಮೊದಲು ಸೋಲೋದು ಗೂಡು.

ಈಗ ಗೇರ್ ಪರೀಕ್ಷೆ. ಗೇರ್ ಅಂದರೆ ಪಿನ್ ತಿರುಗಿದಾಗ ಲಾಕ್ ಪಟ್ಟಿಯನ್ನು ಸರಿಸುವ ಹಲ್ಲಿನ ಪೆಟ್ಟಿಗೆ. ಬಲಗಡೆ ಹಿಡಿಕೆಯನ್ನೂ ಬಿಚ್ಚಿ, ಅದರ ಪಿನ್ನನ್ನು ಎಡಗಡೆ ತೂತಿಗೆ ಹಾಕಿ ತಿರುಗಿಸಿ. ಇನ್ನೊಂದು ಹಿಡಿಕೆ ಇಲ್ಲದವರು 8–9 ಮಿ.ಮೀ. ಅಗಲದ ಚಪ್ಪಟೆ ಸ್ಕ್ರೂಡ್ರೈವರನ್ನು ಮೂಲೆಯಿಂದ ಮೂಲೆಗೆ ತೂರಿಸಬಹುದು, 7 ಮಿ.ಮೀ. ಚೌಕದ ಕರ್ಣ ಹತ್ತಿರ ಹತ್ತಿರ 10 ಮಿ.ಮೀ. ಇರುತ್ತೆ. ತಿರುಗಿಸುವಾಗ ಹೊರಗಿನಿಂದ ಒಬ್ಬರು ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿದರೆ ರಬ್ಬರಿನ ಒತ್ತಡ ಲಾಕಿನ ಮೇಲಿಂದ ಇಳಿದು ಸಲೀಸಾಗಿ ಬಿಡುತ್ತೆ. ಬಾಗಿಲು ತೆರೆದರೆ ಗೇರ್ ಸರಿ ಇದೆ, ಹಿಡಿಕೆ ಒಂದೇ ಸಾಕು. ಕರಕರ ಅಂದು ಜಾರಿದರೆ ಹಲ್ಲು ಹೋಗಿದೆ.

ಅಂಗಡಿಗೆ ಬೇಕಾದ ಅಳತೆ: ಪಿನ್ನಿನ ದಪ್ಪ (ಕಿಟಕಿಗೆ ಹೆಚ್ಚಾಗಿ 7 ಮಿ.ಮೀ., ಮನೆ ಬಾಗಿಲ ಹಿಡಿಕೆಯ 8 ಮಿ.ಮೀ. ಪಿನ್ ಇಲ್ಲಿ ಹೋಗಲ್ಲ), ಸ್ಕ್ರೂ ತೂತುಗಳ ನಡುವಿಂದ ನಡುವಿಗೆ ದೂರ (ಹೆಚ್ಚಾಗಿ 43 ಮಿ.ಮೀ.), ಹಿಡಿಕೆಯ ಬುಡದಿಂದ ಪಿನ್ನಿನ ತುದಿವರೆಗಿನ ಉದ್ದ. ನಿಮಗೆ ನಾಲ್ಕನೆಯದೂ ಒಂದು: ಶಟರಿನಿಂದ ಗ್ರಿಲ್ಲಿಗೆ ಎಷ್ಟು ಜಾಗ? ಕೀಲಿ ಇರುವ ಹಿಡಿಕೆ ಕೆಲವು ದಪ್ಪ, ಗ್ರಿಲ್ ಪಟ್ಟಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತೆ. ಓರೆ ಕತ್ತಿನ ಹಿಡಿಕೆಯಾದರೆ ಎಡ, ಬಲ ಬೇರೆ ಬೇರೆ. ನೇರವಾಗಿದ್ದರೆ ಆ ತಲೆನೋವಿಲ್ಲ. ಹಳೇ ಹಿಡಿಕೆಯನ್ನೇ ಚೀಲಕ್ಕೆ ಹಾಕಿಕೊಂಡು ಹೋದರೆ ಎಲ್ಲಕ್ಕಿಂತ ವಾಸಿ.

ಮಂಡಕ್ಕಿ_ಮಿರ್ಚಿ

ಬಿಚ್ಚಿದೆ ಸರ್. ಪಿನ್ 7 ಮಿ.ಮೀ., ಸೆಂಟರ್ 43, ಉದ್ದ 30. ಗೂಡು ಪೂರ್ತಿ ದುಂಡಗಾಗಿದೆ, ಒಳಗೆ ಬೂದು ಬಣ್ಣದ ಪುಡಿ. ಬಲಗಡೆ ಪಿನ್ ಹಾಕಿದ್ದಕ್ಕೆ ಎಡ ಬಾಗಿಲು ತೆರೆಯಿತು. ಹಾಗಾದರೆ ಎರಡೂ ಕಡೆ ಹೊಸ ಹಿಡಿಕೆ ಹಾಕಿಬಿಡಲಾ?

ತಿರುಪುಳಿ

ಎಡಕ್ಕೆ ಹಾಕಿ. ಬಲಕ್ಕೆ ಈಗಲೇ ಬೇಡ, ಕಾರಣ ಸರಿಮಾಡದೆ ಹಾಕಿದರೆ ಹೊಸದರ ಕುತ್ತಿಗೆಯೂ ಬಾಗುತ್ತೆ.

ಬಲ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹಿಡಿಕೆ ತಿರುಗಿಸಿ ನೋಡ್ರಿ. ತೆರೆದಿದ್ದಾಗಲೂ ಬಿಗಿ ಅಂದರೆ ಗೇರಲ್ಲಿ ಇಲ್ಲವೇ ಅದು ಸರಿಸುವ ಉದ್ದನೆ ಲಾಕ್ ಪಟ್ಟಿಯಲ್ಲಿ ಕಸ, ತುಕ್ಕು. ತೆರೆದಾಗ ಬೆಣ್ಣೆಯ ಹಾಗೆ ತಿರುಗಿ ಮುಚ್ಚಿದಾಗ ಮಾತ್ರ ಬಿಗಿ ಅಂದರೆ ಬಾಗಿಲು ಜೋತಿದೆ, ಲಾಕಿನ ಗುಂಡಿಗಳು ಕೀಪರ್ (ಗುಂಡಿ ಸಿಕ್ಕಿಕೊಳ್ಳುವ, ಚೌಕಟ್ಟಿನ ಮೇಲಿನ ತುಂಡು) ಒಳಗೆ ನೇರವಾಗಿ ಹೋಗದೆ ಅದರ ಅಂಚಿಗೆ ಗುದ್ದುತ್ತಿವೆ. ಕೀಪರಿನ ತುದಿಯಲ್ಲಿ ಹೊಳೆಯುವ ಗೀರು ಕಂಡರೆ ಅದೇ ಸಾಕ್ಷಿ.

ಮಂಡಕ್ಕಿ_ಮಿರ್ಚಿ

ಎರಡನೆಯದೇ. ತೆರೆದಾಗ ಸಲೀಸು. ಕೆಳಗಿನ ಕೀಪರಲ್ಲಿ ಗೀರಿದೆ. ಹಿಡಿಕೆ ಕಡೆಯ ಕೆಳಮೂಲೆ ಚೌಕಟ್ಟಿಗೆ ಉಜ್ಜುತ್ತಿದೆ.

ಗಾಜು_ಚೌಕಟ್ಟು (ದಾವಣಗೆರೆ)

ಇಲ್ಲಿ ನಾನು ಸೇರಿಕೊಳ್ತೀನಿ. ಗಾಜಿನ ತೂಕ ಲೆಕ್ಕ ಹಾಕಿ: ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ., ಅಂದರೆ 5 ಮಿ.ಮೀ. ಗಾಜು 12.5 ಕೆ.ಜಿ. ನಿಮ್ಮ ಒಂದು ಬಾಗಿಲಲ್ಲಿ ಏಳೆಂಟು ಕೆ.ಜಿ. ಗಾಜು ಒಂದೇ ಬದಿಯಿಂದ ನೇತಾಡುತ್ತಿದೆ.

ಮೊದಲು ಮೇಲಿನ, ಕೆಳಗಿನ ಫ್ರಿಕ್ಷನ್ ಸ್ಟೇಗಳ (ಬಾಗಿಲನ್ನು ಹೊರುವ, ಜಾರುವ ಕೀಲುಪಟ್ಟಿಗಳ) ಸ್ಕ್ರೂ ನೋಡಿ. ಒಳಗಿನ ಉಕ್ಕಿನ ಪಟ್ಟಿಗೆ ಕಚ್ಚದೆ ಬರೀ ಪ್ಲಾಸ್ಟಿಕ್ಕಿಗೆ ಹಾಕಿದ ಸ್ಕ್ರೂ ವರ್ಷಗಳು ಕಳೆದಂತೆ ಕಿತ್ತುಬರುತ್ತೆ. ಅದೇ ತೂತಿಗೆ ಒಂದು ಸೈಜ್ ದಪ್ಪನೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಸ್ಟೇ ಜಾರುವ ಹಳಿಯಲ್ಲಿ ಗಟ್ಟಿ ಧೂಳು ಕೂತಿರುತ್ತೆ, ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ತೆಗೀರಿ.

ಸ್ಕ್ರೂ ಎಲ್ಲ ಗಟ್ಟಿ ಇದ್ದೂ ಬಾಗಿಲು ಜೋತಿದ್ದರೆ ಗಾಜಿನ ಪ್ಯಾಕರ್ (ಗಾಜಿಗೂ ಚೌಕಟ್ಟಿಗೂ ನಡುವೆ ಇಡುವ ಚೂರು) ಜಾರಿದೆ. ಗಾಜು ಬಾಗಿಲನ್ನು ಓರೆಯಾಗಿ ಎತ್ತಿ ಹಿಡಿಯಬೇಕು: ಕೆಳಗೆ ಸ್ಟೇ ಇರುವ ಬದಿಯ ಮೂಲೆಯಲ್ಲಿ ಒಂದು ಪ್ಯಾಕರ್, ಅದಕ್ಕೆ ಎದುರು ಕರ್ಣದಲ್ಲಿ, ಮೇಲೆ ಹಿಡಿಕೆ ಬದಿಯ ಮೂಲೆಯಲ್ಲಿ ಇನ್ನೊಂದು. ಬೀಡಿಂಗನ್ನು (ಗಾಜು ಹಿಡಿದಿರುವ ಅಂಚುಪಟ್ಟಿಯನ್ನು) ಉದ್ದನೆ ಬದಿಯ ನಡುವಿನಿಂದ, ಮೊಂಡು ಪುಟ್ಟಿ ಕತ್ತಿಯಲ್ಲಿ ಎಬ್ಬಿಸಿ. ಮೂಲೆಯಿಂದ ಶುರು ಮಾಡಿದರೆ ಬೀಡಿಂಗ್ ಸೀಳುತ್ತೆ, ಗಾಜಿನ ಮೂಲೆಗೂ ಪೆಟ್ಟು. ನಿಮಗೆ ಗ್ರಿಲ್ ಅಡ್ಡ ಇರೋದರಿಂದ ಬಾಗಿಲನ್ನು ಸ್ಟೇಯಿಂದ ಬಿಡಿಸಿ ಹೊರಗಡೆಯಿಂದ ಇಳಿಸಿ, ನೆಲದ ಮೇಲೆ ಕಂಬಳಿ ಹಾಸಿ ಮಾಡೋದು ಒಳ್ಳೆಯದು. ಇಬ್ಬರು ಬೇಕೇ ಬೇಕು. ಮೇಲಿನ ಮೂಲೆಯಲ್ಲಿ 2 ಮಿ.ಮೀ. ಪ್ಯಾಕರ್ ಸೇರಿಸಿದರೆ ಸಾಮಾನ್ಯವಾಗಿ ಕೆಳಮೂಲೆ ಎದ್ದುಬರುತ್ತೆ. ಮರದ ಚೂರು ಇಡಬೇಡಿ, ನೀರು ಕುಡಿದು ಉಬ್ಬುತ್ತೆ, ಆಮೇಲೆ ಕೊಳೆಯುತ್ತೆ.

ಕೊನೆಗೆ ಲಾಕ್ ಗುಂಡಿ. ಅದು ನಟ್ಟನಡುವೆ ಇರಲ್ಲ, ಒಂದು ಬದಿಗೆ ಸರಿದಿರುತ್ತೆ. ಅಲೆನ್ ಕೀಯಲ್ಲಿ ಕಾಲು ಸುತ್ತು ತಿರುಗಿಸಿದರೆ ಬಿಗಿ ಹೆಚ್ಚು ಕಮ್ಮಿ ಆಗುತ್ತೆ. ರಬ್ಬರಿಗೂ ಬಾಗಿಲಿಗೂ ನಡುವೆ ನೋಟ್‌ಬುಕ್ಕಿನ ಹಾಳೆ ಇಟ್ಟು ಮುಚ್ಚಿ ಎಳೀರಿ. ನಾಲ್ಕೂ ಕಡೆ ಒಂದೇ ಬಿಗಿಯಲ್ಲಿ ಬಂದರೆ ಸರಿ. ಹರಿದುಹೋದರೆ ತುಂಬ ಬಿಗಿಯಾಯಿತು.

ಕಲ್ಲಿನಕೋಟೆ (ಚಿತ್ರದುರ್ಗ)

ಇಲ್ಲೇ ಕೇಳಬಹುದಾ? ನಮ್ಮದು ಹಳೇ ಮನೆ, ಕಬ್ಬಿಣದ ಸೆಕ್ಷನ್ ಕಿಟಕಿ. ಮೂಗಿನ ಹಾಗೆ ಮುಂದೆ ಬಂದಿರುವ ಹಿಡಿಕೆ ಚೌಕಟ್ಟಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತೆ. ಈಗ ತಾನಾಗೇ ಕೆಳಗೆ ಬೀಳುತ್ತೆ. ಆಷಾಢ ಬಂತಂದ್ರೆ ರಾತ್ರಿಯೆಲ್ಲ ದಬದಬ. ಅದೇ ಹಿಡಿಕೆ ಎಲ್ಲೂ ಸಿಗ್ತಿಲ್ಲ. ಕೀಲುಗಳಿಗೆ ಕೊಬ್ಬರಿ ಎಣ್ಣೆ ಹಾಕಿದರೂ ಸರಿಹೋಗಲಿಲ್ಲ.

ವೆಲ್ಡಿಂಗ್_ಕಿಡಿ (ಚಿತ್ರದುರ್ಗ)

ಜೋಗಿಮಟ್ಟಿ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ ಅಣ್ಣಾ. ನಮ್ಮೂರ ಗಾಳಿಗೆ ಸಡಿಲ ಹಿಡಿಕೆ ನಿಲ್ಲಲ್ಲ.

ಹೊಸದು ಹುಡುಕೋದು ಬಿಡಿ, ಇದನ್ನೇ ಸರಿಮಾಡಬಹುದು. ಹಿಡಿಕೆಯನ್ನು ಶಟರಿಗೆ ಬೆಸೆದ ತಗಡಿನ ಮೇಲೆ ರಿವೆಟ್ ಹೊಡೆದು ಕೂರಿಸಿರ್ತಾರೆ. ಆ ರಿವೆಟ್ ಸವೆದು ತೂತು ಮೊಟ್ಟೆ ಆಕಾರಕ್ಕೆ ಬಂದಿರುತ್ತೆ, ಅದಕ್ಕೇ ತಾನಾಗಿ ಬೀಳೋದು. ರಿವೆಟ್ಟಿನ ತಲೆಯನ್ನು ಅರದಲ್ಲಿ ಉಜ್ಜಿ ಪಂಚ್ ಇಟ್ಟು ಹೊಡೆದು ತೆಗೀರಿ. ಆ ಪೆಟ್ಟಿಗೆ ಗಾಜು ಬಿರಿಯದ ಹಾಗೆ ಹಿಂದೆ ಮರದ ತುಂಡನ್ನು ಯಾರಾದರೂ ಒತ್ತಿ ಹಿಡಿಯಬೇಕು. ಸವೆದ ತೂತನ್ನು ದುಂಡಗೆ ಬರುವಷ್ಟು ಡ್ರಿಲ್ ಮಾಡಿ, ಹೆಚ್ಚಾಗಿ 8 ಮಿ.ಮೀ.ಗೆ ಬಂದು ನಿಲ್ಲುತ್ತೆ. ಅದೇ ಅಳತೆಯ ಬೋಲ್ಟ್, ಎರಡೂ ಕಡೆ ವಾಷರ್, ಒಂದು ಸ್ಪ್ರಿಂಗ್ ವಾಷರ್, ಕೊನೆಗೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್). ಮಾಮೂಲಿ ನಟ್ ಹಾಕಿದರೆ ಹಿಡಿಕೆ ಮೇಲೆ ಕೆಳಗೆ ಆಡಿ ಆಡಿ ತಾನೇ ಬಿಚ್ಚಿಕೊಳ್ಳುತ್ತೆ. ಹಿಡಿಕೆ ಬಿಟ್ಟಲ್ಲಿ ನಿಲ್ಲುವಷ್ಟು ಬಿಗಿ ಸಾಕು.

ಇಷ್ಟಾದರೂ ಮೂಗು ಹಿಡೀತಿಲ್ಲ ಅಂದರೆ ಚೌಕಟ್ಟಿನ ಪಟ್ಟಿ ಸವೆದಿದೆ. ಅದರ ಕೆಳಗೆ ಒಂದು, ಒಂದೂವರೆ ಮಿ.ಮೀ. ತಗಡು ಇಟ್ಟು ಮತ್ತೆ ಸ್ಕ್ರೂ ಮಾಡಿ. ಇನ್ನೊಂದು ಕಾರಣ ಬಣ್ಣ. ಇಪ್ಪತ್ತು ಮೂವತ್ತು ವರ್ಷದ ಬಣ್ಣದ ಪದರ, ಅದರಡಿ ತುಕ್ಕು ಉಬ್ಬಿ ಶಟರ್ ಒಳಗೆ ಕೂರೋದೇ ಇಲ್ಲ, ಮೂಗು ಪಟ್ಟಿವರೆಗೆ ತಲುಪಲ್ಲ. ಕೆರೆದು, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಒಣಗಿದ ಮೇಲೆ ತೆಳ್ಳಗೆ ಬಣ್ಣ ಹಚ್ಚಿ.

ಮೂಗಿಗೆ ವೆಲ್ಡಿಂಗ್ ತುಂಬಿಸೋದಾದರೆ ಹಿಡಿಕೆ ಬಿಚ್ಚಿ ತಂದು ಮಾಡಿಸಿ. ಕಿಟಕಿಯಲ್ಲೇ ಮಾಡಿದರೆ ಕಿಡಿ ಹಾರಿ ಗಾಜಿನ ಮೇಲೆ ಚುಕ್ಕೆ ಕಚ್ಚುತ್ತೆ, ಉಜ್ಜಿದರೆ ಹೋಗಲ್ಲ. ಹಿತ್ತಾಳೆ ಹಿಡಿಕೆಗೆ ಈ ಕೆಲಸ ಬೇಡವೇ ಬೇಡ.

ತೆರೆದಿಟ್ಟಾಗ ದಬದಬ ಅನ್ನೋದು ಹಿಡಿಕೆಯಿಂದಲ್ಲ, ತೂತುಪಟ್ಟಿಯ ಸ್ಟೇಯಿಂದ. ಅದು ಸಿಕ್ಕಿಕೊಳ್ಳುವ ಗೂಟ ಸವೆದಿದೆಯಾ ನೋಡಿ.

ತಿರುಪುಳಿ

ಎಣ್ಣೆ ವಿಷಯದಲ್ಲಿ ಒಂದು ಮಾತು. ಕೊಬ್ಬರಿ ಎಣ್ಣೆ ಎಲ್ಲಿಗೂ ಬೇಡ. ಛಳಿಗೆ ಗಟ್ಟಿಯಾಗುತ್ತೆ, ಧೂಳು ಹಿಡಿದು ಅಂಟಾಗುತ್ತೆ. ದಾವಣಗೆರೆಯಲ್ಲಂತೂ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಯ ಹತ್ತಿರದ ಮನೆಗಳಲ್ಲಿ ಮಸಿ, ತೌಡು ಸೇರಿ ಅದು ಕೀಲೆಣ್ಣೆ ಹೋಗಿ ಅಂಟುಗೋಂದು ಆಗುತ್ತೆ. ಯುಪಿವಿಸಿಯ ಲಾಕ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ, ಕಬ್ಬಿಣದ ಬೋಲ್ಟಿಗೆ ಚಿಟಿಕೆ ಗ್ರೀಸ್. ರಬ್ಬರಿನ ಮೇಲೆ ಇಂಜಿನ್ ಎಣ್ಣೆ, ಸೀಮೆಎಣ್ಣೆ ಬೀಳಬಾರದು, ಉಬ್ಬಿ ತಾನು ಕೂತಿರುವ ಸಂದಿನಿಂದ ಈಚೆ ಬರುತ್ತೆ.

ಗಾಜು_ಚೌಕಟ್ಟು

ಕಬ್ಬಿಣದ ಕಿಟಕಿಯ ತುಕ್ಕು ಬಿಡಿಸೋಕೆ ಡಬ್ಲ್ಯುಡಿ-40 ನಡೆಯುತ್ತೆ, ಆದರೆ ಅದು ಆರಿಹೋಗುತ್ತೆ. ಹಾಕಿ ಒರೆಸಿ, ಆಮೇಲೆ ಗ್ರೀಸ್.

ಮಂಡಕ್ಕಿ_ಮಿರ್ಚಿ

ಬಲಗಡೆ ಸರಿಹೋಯಿತು. ಕೆಳಗಿನ ಸ್ಟೇಯ ಎರಡು ಸ್ಕ್ರೂ ಕೈಯಲ್ಲೇ ತಿರುಗುತ್ತಿದ್ದವು, ದಪ್ಪನೆಯವು ಹಾಕಿದೆ, ಪ್ಯಾಕರ್ ಮುಟ್ಟಲಿಲ್ಲ. ಈಗ ಬೆರಳಲ್ಲೇ ಮುಚ್ಚುತ್ತೆ. ಎಡಕ್ಕೆ ಹೊಸ ಹಿಡಿಕೆ ತಂದೆ, ಪಿನ್ 40 ಮಿ.ಮೀ.ದು ಮಾತ್ರ ಸಿಕ್ಕಿತು. ಸ್ಕ್ರೂ ಬಿಗಿ ಮಾಡಿದರೆ ಹಿಡಿಕೆ ಕಲ್ಲಿನ ಹಾಗಾಗುತ್ತೆ, ಸಡಿಲ ಮಾಡಿದರೆ ತಿರುಗುತ್ತೆ. ಅಲ್ಲದೆ ಮುಚ್ಚಿದಾಗ ಹಿಡಿಕೆ ಕೆಳಗೆ ಬರದೆ ಅಡ್ಡಕ್ಕೆ ನಿಲ್ಲುತ್ತೆ.

ತಿರುಪುಳಿ

ಪಿನ್ ಉದ್ದ ಜಾಸ್ತಿಯಾಗಿ ತುದಿ ಒಳಗಡೆ ಗೋಡೆಗೆ ಒದೀತಿದೆ. ಬಿಗಿ ಮಾಡಿದಷ್ಟೂ ಹಿಡಿಕೆಯ ಬುಡ ಬಾಗುತ್ತೆ, ಹಾಗೇ ಬಿಟ್ಟರೆ ಸ್ಕ್ರೂ ಕೂತಿರುವ ಗೇರಿನ ಮರೆ (ಸ್ಕ್ರೂ ಕಚ್ಚುವ ಸುರುಳಿ ಗೆರೆ) ಕಿತ್ತುಬರುತ್ತೆ, ಆಗ ನಿಜಕ್ಕೂ ದೊಡ್ಡ ಕೆಲಸ. ಹಳೆಯದು 30 ಇತ್ತಲ್ಲ, ಅಷ್ಟಕ್ಕೇ ಹ್ಯಾಕ್ಸಾದಲ್ಲಿ ಕತ್ತರಿಸಿ. ಹಿಡಿಕೆಯನ್ನಲ್ಲ, ಪಿನ್ನನ್ನೇ ವೈಸಿನಲ್ಲಿ ಹಿಡೀರಿ. ಕತ್ತರಿಸಿದ ತುದಿಯ ಮುಳ್ಳನ್ನು ಅರದಲ್ಲಿ ಉಜ್ಜಿ, ಇಲ್ಲಾಂದ್ರೆ ಗೇರಿನೊಳಗೆ ಸಿಕ್ಕಿಕೊಂಡು ಮುಂದಿನ ಸಲ ಈಚೆ ಬರಲ್ಲ. 30ಕ್ಕಿಂತ ಗಿಡ್ಡ ಮಾಡಬೇಡಿ, ಗೇರಿಗೆ ಅರ್ಧ ಮಾತ್ರ ಸಿಕ್ಕಿ ಮತ್ತೆ ಮೂಲೆ ಸವೆಯುತ್ತೆ.

ಅಡ್ಡ ನಿಲ್ಲೋದು ಪಿನ್ನನ್ನು ಕಾಲು ಸುತ್ತು ತಪ್ಪಿ ಹಾಕಿದ್ದಕ್ಕೆ. ಚೌಕ ಅಲ್ವಾ, ನಾಲ್ಕು ದಿಕ್ಕಿಗೂ ಹೋಗುತ್ತೆ. ಬಾಗಿಲು ತೆರೆದಿಟ್ಟು, ಬರೀ ಪಿನ್ನಿನಿಂದ ಲಾಕ್ ಗುಂಡಿಗಳನ್ನು ಬಿಟ್ಟ ಸ್ಥಿತಿಗೆ ತನ್ನಿ. ಹಿಡಿಕೆಯನ್ನು ಅಡ್ಡಕ್ಕೆ, ತೆರೆದ ದಿಕ್ಕಿಗೆ ಹಿಡಿದು ಹಾಗೇ ತೂರಿಸಿ. ಸ್ಕ್ರೂ ಹಾಕುವ ಮೊದಲು ಎರಡು ಸಲ ತಿರುಗಿಸಿ ನೋಡಿ, ಆಮೇಲೆ ಕೈ ಸ್ಕ್ರೂಡ್ರೈವರಲ್ಲೇ ಬಿಗಿ ಮಾಡಿ. ಡ್ರಿಲ್ ಮೆಷಿನ್ ಹಾಕಿದರೆ ಮರೆ ಹೋಗೋದು ಒಂದೇ ಕ್ಷಣ.

ಮಂಡಕ್ಕಿ_ಮಿರ್ಚಿ

30ಕ್ಕೆ ಕತ್ತರಿಸಿದೆ. ಬುಡ ಪ್ರೊಫೈಲಿಗೆ ಅಂಟಿ ಕೂತಿದೆ, ಕೆಳಗೆ ತಿರುಗಿಸಿದರೆ ಟಕ್ ಅನ್ನುತ್ತೆ. ಗ್ರಿಲ್ಲಿಗೂ ಹಿಡಿಕೆಗೂ ನಡುವೆ ಎರಡು ಬೆರಳು ಜಾಗ ಉಳಿದಿದೆ.